ಯಜಮಾನರು ಹೋದ ಮೇಲೆ: ಚಿಕ್ಕಮ್ಮನ ಕಾಗದಪತ್ರದ ಓಡಾಟ

ನಮ್ಮ ಮನೆಯ ಖಾತೆ ಕೊನೆಗೂ ಬದಲಾಯಿತು. ಈಗ ಅದರಲ್ಲಿ ನಾಲ್ಕು ಹೆಸರಿವೆ: ಯಜಮಾನರ ಮೊದಲ ಹೆಂಡತಿಯ ಇಬ್ಬರು ಮಕ್ಕಳು, ನಾನು, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ಯಜಮಾನರು ತೀರಿಕೊಂಡು ವರ್ಷ ದಾಟಿದೆ. ಆವತ್ತಿನಿಂದ ಕಾಗದಗಳ ಹಿಂದೆಯೇ ಓಡಾಡಿದ್ದೇನೆ. ಎರಡನೇ ಮದುವೆ ಆಗಿರುವ ಮನೆಗಳಲ್ಲಿ ಈ ಕೆಲಸ ಅಷ್ಟು ಸಲೀಸಲ್ಲ. ಕಚೇರಿಯವರಿಗೂ ಗೊಂದಲ, ನಮಗೂ ಗೊಂದಲ. ನೆಂಟರಿಗೆ ಮಾತ್ರ ಎಲ್ಲವೂ ಗೊತ್ತಿರುತ್ತದೆ! ಇದೇ ದಾರಿಯಲ್ಲಿ ಹೋಗಬೇಕಾದವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಮನೆಯ ಲೆಕ್ಕ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ನಮ್ಮವರು ಮತ್ತು ಅವರ ಮೊದಲ ಹೆಂಡತಿ ಸೇರಿ 1991ರಲ್ಲಿ ಈ ಮನೆ ಕೊಂಡರು. ಕ್ರಯಪತ್ರ ಇಬ್ಬರ ಹೆಸರಿನಲ್ಲೂ ಇತ್ತು. ಆಕೆ 1994ರಲ್ಲಿ ಕಾಯಿಲೆ ಬಿದ್ದು ತೀರಿಕೊಂಡರು. ನಾನು ಮದುವೆಯಾಗಿ ಬಂದದ್ದು 1996ರಲ್ಲಿ. ಆಗ ಹುಡುಗನಿಗೆ ಹನ್ನೆರಡು, ಹುಡುಗಿಗೆ ಎಂಟು. ಎರಡು ವರ್ಷಕ್ಕೆ ನನಗೊಂದು ಮಗಳು ಹುಟ್ಟಿದಳು. ದೊಡ್ಡವರಿಬ್ಬರೂ ನನ್ನನ್ನು ಮೊದಲಿನಿಂದಲೂ ಚಿಕ್ಕಮ್ಮ ಅಂತಲೇ ಕರೆದದ್ದು. ಅಮ್ಮ ಅನ್ನಿ ಅಂತ ನಾನೂ ಕೇಳಲಿಲ್ಲ, ಯಜಮಾನರೂ ಒತ್ತಾಯ ಮಾಡಲಿಲ್ಲ. ಈಗ ಅವರಿಗೂ ಮಕ್ಕಳಿದ್ದಾರೆ. ದೊಡ್ಡವನು ದೂರದ ಊರಿನಲ್ಲಿ ಕೆಲಸದಲ್ಲಿದ್ದಾನೆ. ಎರಡನೆಯವಳು ಮದುವೆಯಾಗಿ ಇನ್ನೊಂದು ಜಿಲ್ಲೆಯಲ್ಲಿದ್ದಾಳೆ.

ಅವರು ಬೆಳೆದು ಮನೆ ಬಿಟ್ಟ ಮೇಲೆ ನಮ್ಮ ಸಂಬಂಧ ಹೇಗಿತ್ತು ಅಂದರೆ, ಫೋನ್ ಬರುತ್ತಿದ್ದದ್ದು ಅವರ ಅಪ್ಪನಿಗೆ. ಇವರು ಸ್ಪೀಕರ್ ಹಾಕಿ "ನಿಮ್ಮ ಚಿಕ್ಕಮ್ಮನೂ ಇದಾಳೆ, ಮಾತಾಡು" ಅನ್ನುತ್ತಿದ್ದರು. "ಚೆನ್ನಾಗಿದೀರಾ ಚಿಕ್ಕಮ್ಮ?" "ಚೆನ್ನಾಗಿದೀನಪ್ಪಾ, ಮಕ್ಕಳು ಹೇಗಿದಾರೆ?" ಅಷ್ಟೇ. ಜಗಳ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಇವರು ಹೋದ ಮೇಲೆ ನನಗೆ ರಾತ್ರಿ ನಿದ್ದೆ ಕೆಡಿಸಿದ ಪ್ರಶ್ನೆ ದುಡ್ಡಿನದಲ್ಲ. ಇನ್ನು ಮುಂದೆ ಈ ಇಬ್ಬರಿಗೆ ನಾನು ಯಾರು? ಇದನ್ನು ಯಾರ ಹತ್ತಿರ ಕೇಳುವುದು? ಬಾಯಿಬಿಟ್ಟು ಕೇಳುವಂಥ ಮಾತೂ ಅಲ್ಲ.

ಉತ್ತರ ಸ್ವಲ್ಪ ಸ್ವಲ್ಪವಾಗಿ ಬಂದದ್ದು ಫಾರಂಗಳಲ್ಲಿ. ಯಾಕೆಂದರೆ ಒಂದೊಂದು ಫಾರಂನಲ್ಲೂ 'ಮೃತರಿಗೆ ಸಂಬಂಧ', 'ಅರ್ಜಿದಾರರಿಗೆ ಸಂಬಂಧ' ಅಂತ ಒಂದು ಅಂಕಣ ಇದ್ದೇ ಇರುತ್ತದೆ. ಅದನ್ನು ತುಂಬಲೇಬೇಕು.

ಮರಣ ಪ್ರಮಾಣ ಪತ್ರದಲ್ಲಿ ತೊಂದರೆ ಆಗಲಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅಲ್ಲಿಂದಲೇ ಮಾಹಿತಿ ಹೋಗುತ್ತದೆ. ಮನೆಯಲ್ಲಾದರೆ 21 ದಿನದೊಳಗೆ ನೀವೇ ನೋಂದಣಿ ಮಾಡಿಸಬೇಕು. ತಡವಾದರೆ ದಂಡ, ಪ್ರಮಾಣ ಪತ್ರ, ಅನುಮತಿ ಅಂತ ಕೆಲಸ ಬೆಳೆಯುತ್ತಾ ಹೋಗುತ್ತದೆ. ಪ್ರತಿಗಳನ್ನು ಜಾಸ್ತಿಯೇ ತೆಗೆದಿಟ್ಟುಕೊಳ್ಳಿ. ಹೆಸರಿನ ಸ್ಪೆಲ್ಲಿಂಗ್ ಆಧಾರ್‌ನಲ್ಲಿರುವ ಹಾಗೇ ಇದೆಯಾ ಅಂತ ಕೌಂಟರ್ ಬಿಡುವ ಮೊದಲೇ ನೋಡಿ. ಇನ್ನೊಂದು ವಿಷಯ: ಅವರ ಮೊಬೈಲ್ ನಂಬರನ್ನು ತಕ್ಷಣ ಬಿಡಬೇಡಿ. ಬ್ಯಾಂಕು, ವಿಮೆ, ಗ್ಯಾಸು, ಕರೆಂಟ್ ಬಿಲ್ಲು ಎಲ್ಲದರ ಮೆಸೇಜ್ ಅದಕ್ಕೇ ಬರುತ್ತದೆ. ಎಲ್ಲೆಲ್ಲಿ ಏನೇನಿದೆ ಅಂತ ನಮಗೆ ಗೊತ್ತಾದದ್ದೇ ಆ ಮೆಸೇಜ್‌ಗಳಿಂದ. ಹಾಗಂತ ಅವರ ಎಟಿಎಂ ಕಾರ್ಡಿನಲ್ಲಿ ದುಡ್ಡು ತೆಗೆಯಬಾರದು, ಆಮೇಲೆ ಉಳಿದ ವಾರಸುದಾರರಿಗೆ ಉತ್ತರ ಕೊಡಬೇಕಾಗುತ್ತದೆ. ನಮ್ಮಂಥ ಮನೆಯಲ್ಲಂತೂ ಆ ಒಂದು ಸಣ್ಣ ವಿಷಯಕ್ಕೇ ಮನಸ್ಸು ಮುರಿಯುತ್ತದೆ. ನಾನು ಕಾರ್ಡನ್ನು ಕವರಿಗೆ ಹಾಕಿ ಅಂಟಿಸಿ ದೊಡ್ಡವನ ಕೈಗೆ ಕೊಟ್ಟೆ. "ಇದ್ಯಾಕೆ ಚಿಕ್ಕಮ್ಮ?" ಅಂದ. "ಇರಲಿ, ಲೆಕ್ಕಕ್ಕೆ" ಅಂದೆ.

ಆ ಸಿಮ್ ನನ್ನ ಹತ್ತಿರವೇ ಇತ್ತು. ಇಬ್ಬರೂ ಮಕ್ಕಳು ಅದೇ ನಂಬರಿಗೆ ಫೋನ್ ಮಾಡುತ್ತಿದ್ದರು. ನನ್ನ ನಂಬರ್ ಇಬ್ಬರ ಹತ್ತಿರವೂ ಇದೆ. ಆದರೂ ಅದಕ್ಕೇ ಮಾಡುತ್ತಿದ್ದರು.

ಆಮೇಲೆ ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಜೊತೆಗೆ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಪ್ರಮಾಣ ಪತ್ರ, ಎಲ್ಲರ ಆಧಾರ್, ಪಡಿತರ ಚೀಟಿ, ಮರಣ ಪ್ರಮಾಣ ಪತ್ರ. ಗ್ರಾಮ ಆಡಳಿತಾಧಿಕಾರಿ ಬಂದು ಅಕ್ಕಪಕ್ಕದವರನ್ನು ಕೇಳಿ ಮಹಜರು ಮಾಡುತ್ತಾರೆ. ಅರ್ಜಿಯ ಶುಲ್ಕ ಚಿಲ್ಲರೆ ಕಾಸು, ನೋಟರಿ, ಟೈಪಿಂಗ್, ಜೆರಾಕ್ಸ್, ಆಟೋ ಸೇರಿದರೆ ಖರ್ಚು ಕಾಣುತ್ತದೆ.

ಕೌಂಟರಿನಲ್ಲಿದ್ದವರು ಅರ್ಜಿ ನೋಡಿ ತಲೆ ಎತ್ತಿದರು. "ಮಕ್ಕಳೆಷ್ಟಮ್ಮಾ?"

"ಮೂರು."

"ಸ್ವಂತದ್ದು?"

"ಮೂವರೂ ಅವರ ಮಕ್ಕಳೇ ಸಾರ್. ನಾನು ಹೆತ್ತದ್ದು ಒಬ್ಬಳನ್ನ."

"ಮೊದಲನೆಯವರು ಇರುವಾಗಲೇ ಮದುವೆ ಆದದ್ದಾ?"

ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮುಖ ಕೆಂಪಗಾಯಿತು. ಆದರೆ ಆ ಪ್ರಶ್ನೆಗೆ ಕಾರಣ ಇದೆ, ಇದನ್ನು ತಿಳಿದುಕೊಂಡು ಹೋದರೆ ಒಳ್ಳೆಯದು. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಮೊದಲ ಹೆಂಡತಿ ಬದುಕಿದ್ದು, ವಿಚ್ಛೇದನವೂ ಆಗದೆ ಇನ್ನೊಂದು ಮದುವೆ ಆದರೆ ಅದು ಮದುವೆಯೇ ಅಲ್ಲ. ಅಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ಅಪ್ಪನ ಆಸ್ತಿಯಲ್ಲಿ ಹಕ್ಕಿದೆ, ತಾಯಿಗೆ ಇಲ್ಲ. ಹಾಗಾಗಿ ಮೊದಲನೆಯವರು ತೀರಿಕೊಂಡ ತಾರೀಕು, ನಮ್ಮ ಮದುವೆಯ ತಾರೀಕು ಎರಡಕ್ಕೂ ಪುರಾವೆ ಬೇಕು. ನಮ್ಮದು ದೇವಸ್ಥಾನದಲ್ಲಿ ಆದ ಮದುವೆ, ನೋಂದಣಿ ಆಗಿರಲಿಲ್ಲ. ಆ ಕಾಲದಲ್ಲಿ ಯಾರು ಮಾಡಿಸುತ್ತಿದ್ದರು? ಲಗ್ನಪತ್ರಿಕೆ, ದೇವಸ್ಥಾನದ ರಸೀದಿ, ಒಂದೆರಡು ಫೋಟೋ ಹುಡುಕಿ ತೆಗೆದೆ. ನೀವು ಎರಡನೇ ಮದುವೆ ಆದವರಾಗಿದ್ದು ಯಜಮಾನರು ಗಟ್ಟಿಮುಟ್ಟಾಗಿದ್ದರೆ, ಈಗಲೇ ಹೋಗಿ ನೋಂದಣಿ ಮಾಡಿಸಿಬಿಡಿ. ತಡವಾಗಿಯೂ ಮಾಡಿಸಬಹುದು.

ದೊಡ್ಡ ಗಂಟು ಇದ್ದದ್ದು ಮೊದಲನೆಯವರ ಮರಣ ಪ್ರಮಾಣ ಪತ್ರದಲ್ಲಿ. ಕ್ರಯಪತ್ರದಲ್ಲಿ ಅವರ ಪೂರ್ತಿ ಹೆಸರಿದೆ. 1994ರ ಮರಣ ದಾಖಲೆಯಲ್ಲಿ ಯಾರೋ ಅವರನ್ನು ಮನೆಯಲ್ಲಿ ಕರೆಯುವ ಹೆಸರು ಬರೆಸಿದ್ದರು. ಎರಡೂ ಒಬ್ಬರೇ ಅಂತ ತೋರಿಸಬೇಕು. ತೋರಿಸುವವರು ಯಾರು? ನಾನು ಅವರನ್ನು ನೋಡಿದವಳೇ ಅಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಬಿಟ್ಟರೆ. ಕೊನೆಗೆ ದೊಡ್ಡವನು ಬಂದು, ಇಬ್ಬರೂ ಒಬ್ಬರೇ, ಅವರೇ ನನ್ನ ತಾಯಿ ಅಂತ ಪ್ರಮಾಣ ಮಾಡಿ ಸಹಿ ಹಾಕಿದ. ಜೊತೆಗೆ ಅವನ ಶಾಲೆಯ ವರ್ಗಾವಣೆ ಪತ್ರ ಇಟ್ಟೆವು, ಅದರಲ್ಲಿ ತಾಯಿಯ ಪೂರ್ತಿ ಹೆಸರಿತ್ತು. ಆ ವರ್ಗಾವಣೆ ಪತ್ರ ಟ್ರಂಕಿನಲ್ಲಿ ಎಲ್ಲಿದೆ ಅಂತ ಗೊತ್ತಿದ್ದದ್ದು ನನಗೆ. ಅವನನ್ನು ಹೈಸ್ಕೂಲಿಗೆ ಸೇರಿಸುವಾಗ ತಂದು ಇಟ್ಟವಳು ನಾನೇ ಅಲ್ವಾ.

ನೋಟರಿ ಹತ್ತಿರ ಕಾಯುವಾಗ ಅವನು ತಮಾಷೆಯಾಗಿ ಹೇಳಿದ, "ನಮ್ಮಮ್ಮ ಯಾರು ಅಂತ ಈ ವಯಸ್ಸಲ್ಲಿ ಪ್ರಮಾಣ ಮಾಡೋ ಹಾಗಾಯ್ತು ನೋಡಿ." ನಾನೂ ನಕ್ಕೆ. ಮೊದಲನೆಯವರ ವಿಷಯ ಅವನು ನನ್ನೆದುರು ಹಾಗೆ ಸಲೀಸಾಗಿ ಮಾತಾಡಿದ್ದು ಅದೇ ಮೊದಲು. ಚಿಕ್ಕವನಿದ್ದಾಗ ನಾನು ರೂಮಿಗೆ ಬಂದರೆ ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ವಂಶವೃಕ್ಷ ಕೈಗೆ ಬಂದ ಮೇಲೆ ವಕೀಲರನ್ನು ನೋಡಿದೆವು. ಯಜಮಾನರು ವಿಲ್ ಬರೆದಿರಲಿಲ್ಲ. "ಎಲ್ಲರೂ ಒಳ್ಳೆಯವರು, ಹಂಚ್ಕೋತಾರೆ ಬಿಡು" ಅನ್ನುತ್ತಿದ್ದರು. ಒಳ್ಳೆಯವರೇ. ಆದರೆ ಒಳ್ಳೆಯವರಿಗೂ ಲೆಕ್ಕ ಗೊತ್ತಿರಬೇಕಲ್ಲ. ವಕೀಲರು ಒಂದು ಹಾಳೆ ತೆಗೆದುಕೊಂಡು ಬರೆದು ತೋರಿಸಿದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ವಿಲ್ ಇಲ್ಲದೆ ತೀರಿಕೊಂಡ ಹೆಂಗಸಿನ ಆಸ್ತಿ ಮೊದಲು ಮಕ್ಕಳಿಗೂ ಗಂಡನಿಗೂ ಸಮ. ಹಾಗಾಗಿ 1994ರಲ್ಲೇ ಆಕೆಯ ಅರ್ಧ ಮನೆ ಮೂರು ಪಾಲಾಗಿದೆ. ಗಂಡನಿಗೆ ಆರರಲ್ಲಿ ಒಂದು, ಇಬ್ಬರು ಮಕ್ಕಳಿಗೆ ಆರರಲ್ಲಿ ಒಂದೊಂದು. ಕಾಗದದಲ್ಲಿ ಯಾರೂ ಬರೆಸಿರಲಿಲ್ಲ ಅಷ್ಟೇ. ಯಜಮಾನರ ಅರ್ಧಕ್ಕೆ ಈ ಒಂದು ಸೇರಿದರೆ ಅವರ ಪಾಲು ಆರರಲ್ಲಿ ನಾಲ್ಕು. ಅವರು ಹೋದ ಮೇಲೆ ಅದು ಹೆಂಡತಿಗೂ ಎಲ್ಲ ಮಕ್ಕಳಿಗೂ ಸಮ, ಅಂದರೆ ನಮ್ಮ ನಾಲ್ವರಿಗೂ ಒಂದೊಂದು. (ಅವರ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು ಬರುತ್ತಿತ್ತು.) ಒಟ್ಟು ಕೂಡಿಸಿದರೆ ದೊಡ್ಡವನಿಗೆ ಎರಡು, ಎರಡನೆಯವಳಿಗೆ ಎರಡು, ನನಗೆ ಒಂದು, ನನ್ನ ಮಗಳಿಗೆ ಒಂದು.

ನೆಂಟರಲ್ಲಿ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು "ಮೂವತ್ತು ವರ್ಷ ಆ ಮನೆ ಗುಡಿಸಿದ್ದಕ್ಕೆ ಒಂದೇ ಪಾಲಾ? ಅರ್ಧ ಕೇಳು" ಅಂದರು. ಇನ್ನೊಬ್ಬರು ಎರಡನೆಯವಳಿಗೆ ಫೋನ್ ಮಾಡಿ "ನಿಮ್ಮಮ್ಮನ ಮನೇಲಿ ಅವಳಿಗ್ಯಾಕೆ ಪಾಲು?" ಅಂದರಂತೆ. ಈ ಎರಡು ಥರದ ಹಿತೈಷಿಗಳು ಎಲ್ಲ ಮನೆಯಲ್ಲೂ ಇರುತ್ತಾರೆ. ಕಾಫಿ ಕೊಟ್ಟು ಕಳಿಸಿ. ಇದು ಹಿಂದೂಗಳಿಗೆ ಅನ್ವಯಿಸುವ ಲೆಕ್ಕ, ಜೈನ, ಬೌದ್ಧ, ಸಿಖ್ಖರಿಗೂ ಇದೇ. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ನಿಯಮ ಇದೆ. ಪಿತ್ರಾರ್ಜಿತ ಆಸ್ತಿಯ ಕಥೆಯೂ ಬೇರೆಯೇ.

ಬ್ಯಾಂಕಿನ ಕೆಲಸದಲ್ಲಿ ಇನ್ನೊಂದು ತೊಡಕು. ಒಂದು ಠೇವಣಿಗೆ ನಾನು ನಾಮಿನಿ, ಅದು ಬೇಗ ಬಂತು. ನಾಮಿನಿ ಅಂದರೆ ಹಣ ಪಡೆದುಕೊಳ್ಳುವವರು, ಹಣದ ಒಡೆಯರಲ್ಲ. ಅದಕ್ಕೇ ಬಂದ ದಿನವೇ ನಾಲ್ಕು ಪಾಲು ಮಾಡಿ ಅವರವರ ಖಾತೆಗೆ ಹಾಕಿ, ಸ್ಕ್ರೀನ್‌ಶಾಟ್ ಕಳಿಸಿದೆ. ಎರಡನೆಯ ಠೇವಣಿಯನ್ನು ಹಳೇ ಕಾಲದಿಂದ ನವೀಕರಿಸುತ್ತಲೇ ಬಂದಿದ್ದರು. ಅದರ ನಾಮಿನಿ ಮೊದಲ ಹೆಂಡತಿ! ತೀರಿಹೋದವರು ನಾಮಿನಿ ಆಗಿದ್ದರೆ ನಾಮಿನಿ ಇಲ್ಲದ ಲೆಕ್ಕವೇ. ಎಲ್ಲ ವಾರಸುದಾರರ ಸಹಿ, ನಷ್ಟ ಭರಿಸುವ ಬಾಂಡು, ಜಾಮೀನುದಾರರು ಅಂತ ಶುರುವಾಯಿತು. ಅಲ್ಲಿನ ಅಧಿಕಾರಿಯೊಬ್ಬರು ಕೋರ್ಟಿನಿಂದ ಉತ್ತರಾಧಿಕಾರ ಪತ್ರ ತನ್ನಿ ಅಂದರು. ದೊಡ್ಡ ಮೊತ್ತ ಅಥವಾ ತಕರಾರು ಇದ್ದರೆ ಅದು ಬೇಕಾಗಬಹುದು. ನಮ್ಮದು ಎರಡೂ ಅಲ್ಲ. ಮೇಲಿನವರಿಗೆ ಬರೆದು ಕೊಟ್ಟ ಮೇಲೆ ದಾರಿಗೆ ಬಂದರು. ಕೇಳಿದ ದಾಖಲೆಗಳ ಪಟ್ಟಿಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಕೊಟ್ಟದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಬಿಟ್ಟರೆ ಪಟ್ಟಿ ವಾರಕ್ಕೊಂದು ಬದಲಾಗುತ್ತದೆ.

ಹೀಗೆ ಸಹಿಗಾಗಿ ಎರಡನೆಯವಳನ್ನು ಕರೆಸಿದಾಗಲೇ ನಿಜವಾದ ಮಾತು ಬಂದದ್ದು. ಅವಳ ಗಂಡ ಊಟ ಆದ ಮೇಲೆ ಮೆಲ್ಲಗೆ ತೆಗೆದರು. "ಅತ್ತೆ, ಇಷ್ಟು ದೊಡ್ಡ ಮನೆಯಲ್ಲಿ ನೀವೊಬ್ಬರೇ ಯಾಕೆ ಒದ್ದಾಡ್ತೀರಿ? ಮಾರಿ ಹಂಚಿಕೊಂಡರೆ ಎಲ್ಲರಿಗೂ ಅನುಕೂಲ." ಕೆಟ್ಟದಾಗಿ ಹೇಳಲಿಲ್ಲ. ಅವರಿಗೂ ಸಾಲ ಇದೆ, ಮಕ್ಕಳ ಓದಿದೆ. ನನಗೆ ಮಾತ್ರ ಕಾಲು ನಡುಗಿತು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು, ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಮರುದಿನ ವಕೀಲರನ್ನು ಕೇಳಿದೆ. ಹಿಂದೆ ಆ ಕಾಯ್ದೆಯಲ್ಲಿ 23ನೇ ಕಲಮು ಅಂತ ಇತ್ತು. ವಾಸದ ಮನೆಯನ್ನು ಗಂಡುಮಕ್ಕಳು ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಮಾಡಿಕೊಡಿ ಅಂತ ಕೇಳುವ ಹಾಗಿರಲಿಲ್ಲ. 2005ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಈಗ ಯಾವ ಪಾಲುದಾರರು ಬೇಕಾದರೂ ಕೇಳಬಹುದು. ಹೆಣ್ಣುಮಕ್ಕಳಿಗೆ ನ್ಯಾಯ ಸಿಕ್ಕ ತಿದ್ದುಪಡಿ ಅದು, ನಾನು ಅದರ ವಿರುದ್ಧ ಇಲ್ಲ. ಆದರೆ ಆರರಲ್ಲಿ ಒಂದು ಪಾಲಿನ ವಿಧವೆ, ಉಳಿದವರು ಹಟ ಹಿಡಿದರೆ, ಅದೇ ಮನೆಯಲ್ಲಿ ಕೊನೆವರೆಗೂ ಇರುತ್ತೇನೆ ಅನ್ನುವುದು ಕಷ್ಟ. ಅದಕ್ಕೆ ದಾರಿ ಅಂದರೆ ಎಲ್ಲರೂ ಒಪ್ಪಿ ಒಂದು ಕುಟುಂಬ ಒಪ್ಪಂದ ಪತ್ರ ಮಾಡಿಕೊಳ್ಳುವುದು, ಅದರಲ್ಲಿ ನನ್ನ ಜೀವಮಾನ ಇರುವವರೆಗೂ ವಾಸದ ಹಕ್ಕು ಅಂತ ಬರೆಸಿ ನೋಂದಣಿ ಮಾಡಿಸುವುದು. ಮುದ್ರಾಂಕ ಶುಲ್ಕ ಆಗಾಗ ಬದಲಾಗುತ್ತದೆ, ಪತ್ರದ ಬಗೆಯ ಮೇಲೂ ಹೋಗುತ್ತದೆ. ಹಾಗಾಗಿ ನಮ್ಮ ಅಂಕಿ ಹೇಳುವುದಿಲ್ಲ, ಉಪನೋಂದಣಿ ಕಚೇರಿಯಲ್ಲೇ ಕೇಳಿ. ವಕೀಲರಿಗೆ 15,000 ರೂಪಾಯಿ ಕೊಟ್ಟೆವು, ಕರಡು ಬರೆದದ್ದು, ನೋಂದಣಿಗೆ ಬಂದದ್ದು ಎಲ್ಲ ಸೇರಿ.

ಅವರೇ 2007ರ ಹಿರಿಯ ನಾಗರಿಕರ ಕಾಯ್ದೆಯ ವಿಷಯವನ್ನೂ ಹೇಳಿದರು. ಅದರಲ್ಲಿ ತಂದೆತಾಯಿ ಅನ್ನುವುದರೊಳಗೆ ಮಲತಂದೆ, ಮಲತಾಯಿಯೂ ಬರುತ್ತಾರೆ. ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿ ಹತ್ತಿರ ಅರ್ಜಿ ಹಾಕಿ ಜೀವನಾಂಶ ಕೇಳಬಹುದು. ಕೇಳಿಸಿಕೊಂಡು ಸುಮ್ನೆ ಕೂತೆ. ಬೇಕಾದವರಿಗೆ ಇರಲಿ, ಒಳ್ಳೆಯ ಕಾನೂನು. ನನಗೆ ಈ ಇಬ್ಬರ ಮೇಲೆ ಅರ್ಜಿ ಹಾಕುವ ಯೋಚನೆಯೇ ಬರಲ್ಲ. ಹೆತ್ತ ಮಗಳ ಮೇಲಾದರೆ ಸಿಟ್ಟಿನಲ್ಲಿ ಹಾಕಿದರೂ ಹಾಕಿಯೇನು! ಸಿಟ್ಟು ಮಾಡುವ ಸಲಿಗೆ ಅವಳ ಹತ್ತಿರ ಇದೆ. ದೊಡ್ಡವರ ಹತ್ತಿರ ನಾನು ಇವತ್ತಿಗೂ ಮಾತನ್ನು ಅಳೆದು ಆಡುತ್ತೇನೆ. ಪ್ರೀತಿ ಕಡಿಮೆ ಅಂತಲ್ಲ. ಹೆತ್ತ ಮಗಳು ಬಾಗಿಲು ದಬಾರ್ ಅಂತ ಹಾಕಿಕೊಂಡು ಹೋದರೆ ಸಂಜೆಗೆ ಬರುತ್ತಾಳೆ ಅಂತ ಗೊತ್ತು. ಅವರು ಹೋದರೆ ಬರುತ್ತಾರಾ ಅನ್ನುವುದು ನನಗೆ ಯಾವತ್ತೂ ಗ್ಯಾರಂಟಿ ಇರಲಿಲ್ಲ. ಮಲತಾಯಂದಿರ ಪ್ರೀತಿಯಲ್ಲಿ ಈ ಹೆದರಿಕೆ ಬೆರೆತೇ ಇರುತ್ತದೆ ಅಂತ ನನ್ನ ಅನಿಸಿಕೆ. ಹೊರಗಿನವರಿಗೆ ಅದು ಬಿಗುಮಾನದ ಹಾಗೆ ಕಾಣುತ್ತದೆ.

ನನ್ನ ಜೊತೆ ಶಾಲೆಯಲ್ಲಿದ್ದ ಮೇಷ್ಟ್ರೊಬ್ಬರು ಮಗಳಿದ್ದ ವಿಧವೆಯನ್ನು ಮದುವೆಯಾದವರು. ಅವರನ್ನು ಕೇಳಿದೆ. "ನನಗೆ ಆ ಹೆದರಿಕೆ ಇಲ್ಲಮ್ಮ, ನಾನು ಏನೂ ನಿರೀಕ್ಷೆ ಮಾಡೋದೇ ಇಲ್ಲ. ಅವಳು ಫೋನ್ ಮಾಡಿದರೆ ಹಬ್ಬ, ಮಾಡದಿದ್ದರೆ ಮಾಮೂಲಿ ದಿನ" ಅಂದರು. ಆ ಹುಡುಗಿಯ ಮದುವೆಗೆ ಸಾಲ ಮಾಡಿ ತೀರಿಸಿದವರು ಅವರೇ. ಅವರ ಮಾತು ಕೇಳೋಕೆ ಚೆನ್ನಾಗಿದೆ, ನನ್ನ ಕೈಲಿ ಆಗಲ್ಲ. ನಾನು ನಿರೀಕ್ಷೆ ಮಾಡುತ್ತೇನೆ. ಮಲತಂದೆ ಆಗಿರುವವರಿಗೆ ಒಂದು ಮಾತು: ವಿಲ್ ಇಲ್ಲದಿದ್ದರೆ ನಿಮ್ಮ ಆಸ್ತಿಯಲ್ಲಿ ಹೆಂಡತಿಯ ಹಿಂದಿನ ಮದುವೆಯ ಮಕ್ಕಳಿಗೆ ನಿಮ್ಮಿಂದ ನೇರವಾಗಿ ಏನೂ ಬರುವುದಿಲ್ಲ. ಎಷ್ಟು ಅಕ್ಕರೆಯಿಂದ ಸಾಕಿದ್ದರೂ ಅಷ್ಟೇ. ದೊಡ್ಡವರಾದ ಮೇಲೆ ದತ್ತು ತೆಗೆದುಕೊಳ್ಳೋಣ ಅಂದರೆ ಅದೂ ಆಗದು. 1956ರ ದತ್ತಕ ಕಾಯ್ದೆಯಲ್ಲಿ, ರೂಢಿಯ ವಿನಾಯಿತಿ ಬಿಟ್ಟರೆ, 15 ವರ್ಷ ತುಂಬಿದವರನ್ನು ದತ್ತು ಪಡೆಯುವಂತಿಲ್ಲ.

ಒಪ್ಪಂದ ಪತ್ರದ ಕರಡು ಮೂವರಿಗೂ ಕಳಿಸಿದೆವು. ದೊಡ್ಡವನು ಅವತ್ತೇ ಸರಿ ಅಂದ. ಎರಡನೆಯವಳಿಂದ ವಾರಗಟ್ಟಲೆ ಸದ್ದೇ ಇಲ್ಲ. ನಾನು ಕೇಳಲಿಲ್ಲ. ಕೇಳಬೇಡ ಅಂತ ಮನಸ್ಸಿಗೆ ದಿನಾ ಹೇಳಿಕೊಳ್ಳುತ್ತಿದ್ದೆ. ಈ ಕಾಯುವುದು ನಾಡಕಚೇರಿಯಲ್ಲಿ ಕಾಯುವುದಕ್ಕಿಂತ ಕಷ್ಟ. ಅಲ್ಲಿ ಟೋಕನ್ ಆದರೂ ಕೊಡುತ್ತಾರೆ.

ಒಂದು ದಿನ ಒಬ್ಬಳೇ ಬಂದಳು. ದಾಖಲೆಗಳನ್ನು ನೋಡಬೇಕು ಅಂದಳು. ಕಡತ ಮುಂದಿಟ್ಟೆ. ಕ್ರಯಪತ್ರ ತಿರುವಿ ಹಾಕುತ್ತಾ ಹಿಂಬದಿಯ ಪುಟಕ್ಕೆ ಬಂದು ನಿಂತಳು. 1991ರಲ್ಲಿ ಪತ್ರವನ್ನು ನೋಂದಣಿಗೆ ಹಾಜರುಪಡಿಸಿದವರು ಅವಳ ಅಮ್ಮ. ಅಲ್ಲಿ ಅವರ ಸಹಿ ಇತ್ತು, ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು. ನೀಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಹೆಬ್ಬೆಟ್ಟಿನ ಗೆರೆಗಳು ಮಾತ್ರ ಒಂದೂ ಅಳಿಸಿರಲಿಲ್ಲ. ಅಮ್ಮ ಹೋದಾಗ ಅವಳಿಗೆ ಆರು ವರ್ಷ. ಅವರ ಬರವಣಿಗೆಯನ್ನೇ ಅವಳು ನೋಡಿರಲಿಲ್ಲವಂತೆ. ತನ್ನ ಹೆಬ್ಬೆರಳನ್ನು ಆ ಗುರುತಿನ ಪಕ್ಕ ಇಟ್ಟು ನೋಡಿದಳು. ನಾನು ಎದ್ದು ಅಡುಗೆಮನೆಗೆ ಹೋದೆ.

ಆಮೇಲೆ ಬಂದು ಹೇಳಿದಳು, "ಸಹಿ ಹಾಕ್ತೀನಿ ಚಿಕ್ಕಮ್ಮ. ನೀವು ಇರೋ ತನಕ ಮನೆ ಮಾರೋದು ಬೇಡ, ಇವರಿಗೂ ಹೇಳಿದೀನಿ. ಆದರೆ ಈ ಮೂಲಪತ್ರ ನನ್ನ ಹತ್ತಿರ ಇರಲಿ."

ವಕೀಲರು ಹುಬ್ಬೇರಿಸಿದರು. ನೀವು ವಾಸ ಇರುವ ಮನೆಯ ಮೂಲಪತ್ರ ಬೇರೆಯವರ ಕೈಲಿ ಯಾಕೆ ಅಂತ. ಬೇರೆಯವರು ಅಂದದ್ದು ನನಗೆ ಹಿಡಿಸಲಿಲ್ಲ. ಆದರೆ ಅವರ ಮಾತೂ ಸರಿಯೇ, ಮೂಲಪತ್ರದ ಜಾಗದ ಬಗ್ಗೆ ಮುಂದೆ ಜಗಳ ಆಗಬಾರದು. ಒಪ್ಪಂದದಲ್ಲೇ ಒಂದು ಸಾಲು ಸೇರಿಸಿದೆವು: ಮೂಲ ಕ್ರಯಪತ್ರ ಎರಡನೆಯವರ ವಶದಲ್ಲಿರುತ್ತದೆ, ಬೇಕಾದಾಗ ಉಳಿದ ಪಾಲುದಾರರಿಗೆ ಹಾಜರುಪಡಿಸತಕ್ಕದ್ದು. ನಾನು ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿಟ್ಟುಕೊಂಡೆ. ನೀವೂ ಹೀಗೆ ಮಾಡಬಹುದು. ಯಾರ ಹತ್ತಿರ ಏನಿದೆ ಅಂತ ಪತ್ರದಲ್ಲೇ ಬರೆಸಿಬಿಟ್ಟರೆ ಅನುಮಾನಕ್ಕೆ ಜಾಗ ಇರುವುದಿಲ್ಲ.

ಖಾತೆ ಬದಲಾವಣೆಗೆ ಪುರಸಭೆಯಲ್ಲಿ ಕೇಳಿದ್ದು ಎರಡು ಮರಣ ಪ್ರಮಾಣ ಪತ್ರ, ವಂಶವೃಕ್ಷ, ಕ್ರಯಪತ್ರದ ನಕಲು, ಋಣಭಾರ ಪತ್ರ, ಬಾಕಿ ಇಲ್ಲದ ತೆರಿಗೆ ರಸೀದಿ, ನಾಲ್ವರ ಫೋಟೋ. ಅಲ್ಲಿ ಹೆಚ್ಚು ಹೇಳುವಂಥದ್ದು ಏನೂ ಆಗಲಿಲ್ಲ. ಕಾದೆವು, ಬಂತು.

ಉಳಿದದ್ದು ನನ್ನ ವಿಲ್. ಇದನ್ನು ಓದುತ್ತಿರುವ ಮಲತಾಯಂದಿರು ಈ ಭಾಗವನ್ನಾದರೂ ಗಮನವಿಟ್ಟು ಓದಿ. ವಿಲ್ ಬರೆಯದೆ ನಾನು ಹೋದರೆ ನನ್ನ ಪಾಲು ಪೂರ್ತಿ ನನ್ನ ಹೆತ್ತ ಮಗಳಿಗೆ ಹೋಗುತ್ತದೆ. ಅಂದರೆ ದೊಡ್ಡವರಿಬ್ಬರ ಅಪ್ಪನಿಂದ ನನಗೆ ಬಂದ ಪಾಲಿನಲ್ಲಿ ಅವರಿಗೇ ಏನೂ ಇಲ್ಲ. ಹೆಂಗಸಿನ ಆಸ್ತಿಯ ವಿಷಯದಲ್ಲಿ ಮಕ್ಕಳು ಅಂದರೆ ಮಲಮಕ್ಕಳು ಸೇರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ನನಗೆ ಹೆತ್ತ ಮಕ್ಕಳೇ ಇಲ್ಲದಿದ್ದರೆ, ಗಂಡನ ವಾರಸುದಾರರು ಅನ್ನುವ ಲೆಕ್ಕದಲ್ಲಿ ಅವರಿಗೆ ಬರುತ್ತಿತ್ತು. ನಾವು ಹೆತ್ತದ್ದರಿಂದ ಅವರ ದಾರಿ ಮುಚ್ಚಿತು. ತಿರುಗಿಸಿ ನೋಡಿದರೂ ಅಷ್ಟೇ. ದೊಡ್ಡವನ ಆಸ್ತಿಯಲ್ಲಿ ಹೆತ್ತ ತಾಯಿಗೆ ಮೊದಲ ವರ್ಗದಲ್ಲೇ ಜಾಗ. ನಾನು ಎರಡನೇ ವರ್ಗದ ಆರನೇ ಸಾಲಿನಲ್ಲಿ, 'ತಂದೆಯ ವಿಧವೆ' ಅಂತ ನಿಂತಿದ್ದೇನೆ. ಕಾನೂನು ನನ್ನನ್ನು ಮರೆತಿಲ್ಲ, ಹಿಂದಿನ ಬೆಂಚಿನಲ್ಲಿ ಕೂರಿಸಿದೆ.

ನನ್ನ ಮಗಳ ಹತ್ತಿರ ಮೊದಲು ಮಾತಾಡಿದೆ. ಮನೆಯ ನನ್ನ ಪಾಲನ್ನು ಮೂವರಿಗೂ ಸಮ ಮಾಡುತ್ತೇನೆ, ನನ್ನ ಸಂಬಳದಲ್ಲಿ ಉಳಿಸಿದ್ದು, ನನ್ನ ತವರಿನ ಒಡವೆ ನಿನಗೆ ಅಂದೆ. "ನಿನ್ನಿಷ್ಟ ಅಮ್ಮ" ಅಂದಳು. ಆ 'ನಿನ್ನಿಷ್ಟ'ದಲ್ಲಿ ಸ್ವಲ್ಪ ಬೇಜಾರಿತ್ತು, ಇಲ್ಲ ಅನ್ನೋದಿಲ್ಲ. ಅಣ್ಣ, ಅಕ್ಕನಿಗೆ ಈಗಾಗಲೇ ಎರಡೆರಡು ಪಾಲಿದೆಯಲ್ಲ ಅಂತ ಆಮೇಲೆ ಒಮ್ಮೆ ಅಂದಳು. ಲೆಕ್ಕ ಅವಳದ್ದೂ ತಪ್ಪಲ್ಲ. ಆದರೆ ಆ ಹೆಚ್ಚಿನ ಪಾಲು ಅವರ ಅಮ್ಮನದು. ಅಪ್ಪನದರಲ್ಲಿ ಮೂವರೂ ಒಂದೇ. ಅದನ್ನು ಹೇಳಿದೆ. ಪೂರ್ತಿ ಒಪ್ಪಿದಳೋ ಇಲ್ಲವೋ, ಇನ್ನೂ ಗೊತ್ತಿಲ್ಲ.

ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆಯಲ್ಲೇ ಬರೆಯಬಹುದು. ಇಬ್ಬರು ಸಾಕ್ಷಿಗಳು ನೀವು ಸಹಿ ಹಾಕಿದ್ದನ್ನು ನೋಡಿ ಸಹಿ ಹಾಕಬೇಕು. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ, ನಿಮಗಿಂತ ಚಿಕ್ಕ ವಯಸ್ಸಿನವರನ್ನು ಆರಿಸಿಕೊಳ್ಳಿ. ನೋಂದಣಿ ಕಡ್ಡಾಯ ಅಲ್ಲ, ಆದರೆ ನಮ್ಮಂಥ ಮನೆಗಳಲ್ಲಿ ಮಾಡಿಸಿಬಿಡುವುದೇ ಕ್ಷೇಮ. ನಾನು ವೈದ್ಯರಿಂದ ಒಂದು ಪತ್ರವನ್ನೂ ತೆಗೆದುಕೊಂಡೆ, ಬುದ್ಧಿ ನೆಟ್ಟಗಿದೆ ಅಂತ! ಮೂವರ ಹೆಸರಿನ ಮುಂದೆ ಸಂಬಂಧ ಬರೆಯುವಾಗ ಟೈಪ್ ಮಾಡುವವರು 'ಮಲಮಗ', 'ಮಲಮಗಳು', 'ಮಗಳು' ಅಂತ ಹಾಕಿದ್ದರು. ಮೂವರನ್ನೂ ಮಗ, ಮಗಳು, ಮಗಳು ಅಂತಲೇ ಹಾಕಿ ಅಂದೆ. ವಕೀಲರು ಒಪ್ಪಲಿಲ್ಲ. ಯಾರು ಅಂತ ಗುರುತು ಸ್ಪಷ್ಟವಾಗಿರಬೇಕು, ಇಲ್ಲದಿದ್ದರೆ ಮುಂದೆ ತಕರಾರಿಗೆ ದಾರಿ ಅಂದರು. 'ನನ್ನ ಪತಿಯ ಮೊದಲ ಪತ್ನಿಯ ಮಗ' ಅಂತ ಉದ್ದಕ್ಕೆ ಬರೆಸಿದೆವು. ಇದರಲ್ಲಿ ವಕೀಲರ ಮಾತು ಕೇಳಿ. ಮನಸ್ಸಿನ ಮಾತನ್ನು ಬೇರೆ ಕಾಗದದಲ್ಲಿ ಬರೆದಿಡಬಹುದು.

ಈಗ ಬಾಕಿ ಇರುವುದು ಇವರು ಸಹಕಾರ ಸಂಘವೊಂದರಲ್ಲಿ ಇಟ್ಟಿದ್ದ ಷೇರು ಹಣ. ಅದರ ರಸೀದಿ ಮೊನ್ನೆ ಹಳೇ ಡೈರಿಯಲ್ಲಿ ಸಿಕ್ಕಿತು. ಮೊತ್ತ ಚಿಕ್ಕದು, ಫಾರಂ ಮಾತ್ರ ಉದ್ದ. ಅದಕ್ಕೂ ನಾಲ್ವರ ಸಹಿ ಬೇಕಂತೆ. ಗುಂಪಿನಲ್ಲಿ ಹಾಕಿದೆ. ದೊಡ್ಡವನು ನಗುವ ಚಿತ್ರ ಕಳಿಸಿದ. ಎರಡನೆಯವಳು ನನ್ನ ನಂಬರಿಗೇ ಫೋನ್ ಮಾಡಿ, ಮುಂದಿನ ತಿಂಗಳು ಮಕ್ಕಳಿಗೆ ರಜೆ ಇದೆ, ಬಂದಾಗ ಹಾಕ್ತೀನಿ, ಕೊರಿಯರ್ ಮಾಡಬೇಡಿ ಅಂದಳು.